ಭಾರ ಎಲ್ಲಿಗೆ ಹೋಯಿತು, ಅದನ್ನು ಕೇಳು

ಮಗು, ನೆಲ ಬಿಟ್ಟು ಮೇಲೇಳಬೇಕೆಂಬ ಆಸೆ ನಿನ್ನ ವಯಸ್ಸಿಗೆ ತಕ್ಕದ್ದೇ. ಆ ಆಸೆಯೇ ಇಲ್ಲದ ಹುಡುಗರನ್ನು ಕಂಡರೆ ನನಗೆ ಕನಿಕರವಾಗುತ್ತದೆ. ನಿನ್ನದೊಂದೇ ತಕರಾರು, ಎಲ್ಲವೂ ಈಗಿಂದೀಗಲೇ ಆಗಬೇಕು. ಫೋನಿನಲ್ಲಿ ಯಾರೋ ಸ್ವಾಮಿ ಪದ್ಮಾಸನ ಹಾಕಿ ನೆಲದಿಂದ ಮೊಳದೆತ್ತರ ಕೂತದ್ದನ್ನು ಕಂಡೆಯೋ, ಮುಗಿಯಿತು. ಅರ್ಧ ಗಂಟೆಯೊಳಗೆ ನಾಲ್ಕು ಜನರಿಗೆ ಕಳಿಸಿರುತ್ತೀಯ, ಐದನೆಯವನ ಜೊತೆ ಜಗಳ ಆಡಿರುತ್ತೀಯ. ಆರನೆಯವನು "ಅದೆಲ್ಲ ಬುರುಡೆ" ಅಂದರೆ ಅಷ್ಟೇ ವೇಗದಲ್ಲಿ ಅವನ ಕಡೆ ಹಾರಿ, ಇಡೀ ಅಧ್ಯಾತ್ಮವನ್ನೇ ಮೋಸ ಎಂದುಬಿಡುತ್ತೀಯ. ನಂಬುವುದರಲ್ಲೂ ಅವಸರ, ಬಿಡುವುದರಲ್ಲೂ ಅವಸರ. ಸ್ವಲ್ಪ ಕೂತುಕೋ. ಈ ಮುದುಕನಿಗೆ ಈ ವಿಷಯದಲ್ಲಿ ಹೇಳುವುದು ಬೇಕಾದಷ್ಟಿದೆ.

ನಾನು ಓದಿದ್ದು ಕಡಿಮೆ, ಎತ್ತಿದ್ದು ಜಾಸ್ತಿ. ವಿಶಾಖಪಟ್ಟಣದ ವಾಲ್ಟೇರ್ ಡೀಸೆಲ್ ಶೆಡ್ಡಿನಲ್ಲಿ ಫಿಟರ್ ಆಗಿ ಸೇರಿದವನು ಅಲ್ಲೇ ತಲೆ ನರೆಸಿಕೊಂಡೆ. ಡಬ್ಲ್ಯುಡಿಎಂ-2 ಎಂಜಿನ್ನು ನೀನು ನೋಡಿರಲಿಕ್ಕಿಲ್ಲ, 112 ಟನ್ನಿಗೂ ಮೇಲೆ ತೂಗುತ್ತಿತ್ತು. ಅದರ ಮೈಯನ್ನು ಬೋಗಿಯಿಂದ, ಅಂದರೆ ಗಾಲಿಯ ಚೌಕಟ್ಟಿನಿಂದ, ಬಿಡಿಸಿ ಮೇಲೆತ್ತುವ ದಿನ ಶೆಡ್ಡಿನಲ್ಲಿ ಮಾತು ಕಡಿಮೆಯಾಗುತ್ತಿತ್ತು. ಎಂಜಿನ್ನು ನಿಜವಾಗಿಯೂ ಗಾಳಿಯಲ್ಲಿ ನಿಲ್ಲುತ್ತಿತ್ತು, ಕೆಳಗೆ ಬಗ್ಗಿ ಆ ಕಡೆಯ ಗೋಡೆ ನೋಡಬಹುದಿತ್ತು. ಆದರೆ ನಮ್ಮಲ್ಲಿ ಯಾರೂ ಕೈ ಮುಗಿಯುತ್ತಿರಲಿಲ್ಲ. ಜ್ಯಾಕ್ ಸರಿಯಾಗಿ ಕೂತಿದೆಯೇ, ಅದರ ಕೆಳಗಿನ ಹಲಗೆ ಬಿರುಕು ಬಿಟ್ಟಿದೆಯೇ, ನೆಲ ಕುಸಿಯುತ್ತಿದೆಯೇ, ನಮ್ಮ ಕಣ್ಣು ಅಲ್ಲೇ. ಭಾರ ಎಲ್ಲಿಗೂ ಓಡಿಹೋಗುವುದಿಲ್ಲ ಕಣೋ. ಇಲ್ಲಿಂದ ಅಲ್ಲಿಗೆ ದಾಟುತ್ತದೆ, ಅಷ್ಟೇ. ಏನೇ ಮೇಲೆದ್ದರೂ ಅದರ ಭಾರವನ್ನು ಯಾರೋ ಎಲ್ಲೋ ಹೊತ್ತಿರುತ್ತಾರೆ. ಇಷ್ಟು ವರ್ಷ ಶೆಡ್ಡು ನನಗೆ ಕಲಿಸಿದ್ದು ಇದನ್ನೇ. ಸ್ವಾಮಿಗಳನ್ನು ನೋಡುವಾಗಲೂ ಇದೇ ನನಗೆ ಕೆಲಸಕ್ಕೆ ಬಂದದ್ದು.

ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಒಂದು ಸಂಜೆ ಒಬ್ಬ ಕಾವಿ ತೊಟ್ಟು ಗಾಳಿಯಲ್ಲಿ ಕೂತಿದ್ದ. ಬಲಗೈಯಲ್ಲಿ ಒಂದು ದಂಡ, ಅದರ ಬುಡ ನೆಲದ ಮೇಲಿನ ಜಮಖಾನಕ್ಕೆ ತಾಗಿತ್ತು. ಎಡಗೈ ಜ್ಞಾನಮುದ್ರೆಯಲ್ಲಿ, ಕಣ್ಣು ಅರೆಮುಚ್ಚು. ಜನ ಅವನ ಕೆಳಗೆ ಕೈ ಆಡಿಸಿ ನೋಡುತ್ತಿದ್ದರು, ಏನೂ ತಾಗುತ್ತಿರಲಿಲ್ಲ. "ಅಬ್ಬಾ" ಅನ್ನುತ್ತಿದ್ದರು, ತಟ್ಟೆಗೆ ದುಡ್ಡು ಹಾಕುತ್ತಿದ್ದರು. ನಾನು ಅವನ ಮುಖ ನೋಡಲಿಲ್ಲ, ಜಮಖಾನ ನೋಡಿದೆ. ಸಮುದ್ರದ ಗಾಳಿಗೆ ಸುತ್ತಲಿನ ಸೀರೆ ಸೆರಗು, ಕಡಲೆಕಾಯಿ ಪೊಟ್ಟಣ ಎಲ್ಲ ಹಾರಾಡುತ್ತಿದ್ದರೂ ಜಮಖಾನದ ನಡುಭಾಗ ಮಿಸುಕುತ್ತಿರಲಿಲ್ಲ. ಅದರ ಕೆಳಗೆ ತಗಡಿನಂಥದ್ದೊಂದು ಚೌಕದ ಅಂಚು ಸಣ್ಣಗೆ ಉಬ್ಬಿತ್ತು. ದಂಡ ಹಿಡಿದ ಕೈಯ ತೋಳು ಮಾತ್ರ ಇನ್ನೊಂದಕ್ಕಿಂತ ಅಗಲ. ಫಿಟರ್ ಆದವನಿಗೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೆಲದಲ್ಲಿ ದಪ್ಪ ಉಕ್ಕಿನ ತಗಡು, ಅದಕ್ಕೆ ಬೆಸುಗೆ ಹಾಕಿದ ಸರಳು ದಂಡದೊಳಗಿಂದ ಮೇಲೆ, ಅಲ್ಲಿಂದ ಬಾಗಿ ತೋಳಿನೊಳಗೆ, ಬೆನ್ನಿನ ಹಿಂದೆ ಇಳಿದು ಕೂರುವ ಪೀಠಕ್ಕೆ. ಅವನ ಭಾರದ ನಡುಗೆರೆ ಆ ತಗಡಿನ ಮೇಲೆಯೇ ಬೀಳುವಂತೆ ಕೂತರೆ ವಾಲುವುದಿಲ್ಲ. ಆ ಮೊಣಕೈ ಬಾಗಿನ ವೆಲ್ಡಿಂಗ್ ಮೇಲೆ ಅವನ ಜೀವವೇ ನಿಂತಿದೆ. ಒಳ್ಳೆಯ ಕೆಲಸ, ಮೆಚ್ಚಿದೆ, ನಾನೂ ತಟ್ಟೆಗೆ ದುಡ್ಡು ಹಾಕಿದೆ. ಬಿಸಿಲಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಸುಮ್ಮನೆ ಅಲ್ಲ. ಅವನು "ನಾನು ಯೋಗಿ, ನಿನ್ನ ಮಗಳ ಮದುವೆ ಕೂಡಿಸುತ್ತೇನೆ" ಎನ್ನಲಿಲ್ಲ. ಹೊಟ್ಟೆಪಾಡಿಗೆ ಆಟ ತೋರಿಸಿದ. ಅವನನ್ನು ಮೋಸಗಾರ ಅನ್ನಬೇಡ. ಅದೇ ಸರಳಿನ ಮೇಲೆ ಕೂತು ದೀಕ್ಷೆ ಕೊಡುವವನು ಬಂದರೆ ಆಗ ಎದ್ದು ಬಾ.

ಈ ಆಟ ಹೊಸದು ಅಂದುಕೊಂಡೆಯಾ? 1830ರ ಸುಮಾರಿಗೆ ಮದರಾಸಿನಲ್ಲಿ ಶೇಷಾಲ ಎಂದು ಕರೆಸಿಕೊಂಡ ಒಬ್ಬ ಬಡಕಲು ಬ್ರಾಹ್ಮಣ ಇದನ್ನೇ ಮಾಡುತ್ತಿದ್ದ. ಒಂದು ಮಣೆ, ಅದರಲ್ಲಿ ಹಿತ್ತಾಳೆಯ ಗುಳಿ, ಗುಳಿಯಲ್ಲಿ ನಿಲ್ಲಿಸಿದ ಬಿದಿರು, ಬಿದಿರಿನ ತುದಿಯಿಂದ ಅಡ್ಡಕ್ಕೆ ಜಿಂಕೆ ಚರ್ಮದ ಸುರುಳಿ. ಆ ಸುರುಳಿಯ ಮೇಲೆ ಮಣಿಕಟ್ಟು ತಾಗಿಸಿ, ಜಪಮಾಲೆ ಎಣಿಸುತ್ತ ಗಾಳಿಯಲ್ಲಿ ಕೂತಿರುತ್ತಿದ್ದ. ಬ್ರಿಟಿಷರು ಬೆರಗಾಗಿ ಚಿತ್ರ ಬರೆಸಿ ತಮ್ಮೂರಿನ ಪತ್ರಿಕೆಗಳಿಗೆ ಕಳಿಸಿದರು. ಎಲ್ಲರೂ ಬರೆದರು, ಬರೆಯುತ್ತಲೇ ಇನ್ನೊಂದು ಮಾತನ್ನೂ ಸೇರಿಸಿದರು: ಅವನು ಏರುವಾಗಲೂ ಇಳಿಯುವಾಗಲೂ ಮುಂದೆ ಕಂಬಳಿ ಹಿಡಿಯುತ್ತಿದ್ದರು. 1936ರಲ್ಲಿ ಸುಬ್ಬಯ್ಯ ಪುಲವರ್ ಎಂಬಾತ ದಕ್ಷಿಣ ಭಾರತದಲ್ಲೇ ಅಡ್ಡಡ್ಡ ಮಲಗಿ ತೇಲಿದ. ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಫೋಟೊಗಳೂ ಬಂದವು. ಬಟ್ಟೆ ಸುತ್ತಿದ ಕೋಲಿನ ಮೇಲೆ ಒಂದು ಕೈ ಹಗುರಾಗಿ ಇಟ್ಟಿದ್ದಾನೆ, ಮೈ ಗಾಳಿಯಲ್ಲಿದೆ. ಏರುವಾಗ ಸುತ್ತ ಗುಡಾರ, ಇಳಿಯುವಾಗ ಮತ್ತೆ ಗುಡಾರ. ನಡುವೆ 1847ರಲ್ಲಿ ಪ್ಯಾರಿಸಿನ ಜಾದೂಗಾರ ರಾಬರ್ಟ್ ಹೂದಾಂ ತನ್ನ ಮಗನನ್ನೇ ಒಂದು ಕೋಲಿಗೆ ಮೊಣಕೈ ಆನಿಸಿ ಅಡ್ಡ ಮಲಗಿಸಿದ. ಆಗಷ್ಟೇ ಈಥರ್ ಎಂಬ ಅರಿವಳಿಕೆ ಸುದ್ದಿಯಲ್ಲಿತ್ತು. "ಈಥರ್ ಮೂಸಿಸಿದರೆ ಮೈ ಹಗುರಾಗುತ್ತದೆ" ಎಂದು ಸಾರಿದ, ಜನ ನಂಬಿದರು. ನೋಡು, ಅಲ್ಲಿ ವಿಜ್ಞಾನದ ವೇಷ, ಇಲ್ಲಿ ಜಪಮಾಲೆಯ ವೇಷ. ಕಾಲಕ್ಕೆ ಯಾವುದು ಸಲ್ಲುತ್ತದೋ ಅದನ್ನೇ ಹೊದ್ದುಕೊಳ್ಳುತ್ತದೆ. ಕೋಲು ಮಾತ್ರ ಎಲ್ಲ ಕಡೆಯೂ ಇದೆ.

"ಕೋಲೇ ಇಲ್ಲದೆ ಏಳುತ್ತಾರಲ್ಲ ತಾತ" ಎಂದು ನೀನು ಕೇಳೇ ಕೇಳುತ್ತೀಯ. ವಿಜ್ಞಾನ ಜಾಥಾದವರು ಊರೂರಲ್ಲಿ ಮಾಡಿ ತೋರಿಸುವ ಒಂದು ಆಟವಿದೆ, ಮನೆಯಲ್ಲೇ ಮಾಡಿ ನೋಡು. ಎರಡು ಹಾಕಿ ಕೋಲು ತೆಗೆದುಕೋ, ಅವುಗಳ ತುದಿಗೆ ಶೂ ಸಿಕ್ಕಿಸು. ಅಂಗಾತ ಮಲಗಿ, ಮೈಮೇಲೆ ದೊಡ್ಡ ಹೊದಿಕೆ ಹೊದೆದು, ಶೂಗಳ ಮೂತಿ ಮಾತ್ರ ಆಚೆ ಕಾಣುವಂತೆ ಕೋಲುಗಳನ್ನು ಎರಡೂ ಕೈಯಲ್ಲಿ ನೀಡಿ ಹಿಡಿ. ಮೆಲ್ಲಗೆ ಎದ್ದು ನಿಲ್ಲು, ತಲೆ ಮಾತ್ರ ಹಿಂದಕ್ಕೆ ಚೆಲ್ಲಿರಲಿ. ನೋಡುವವರಿಗೆ ಮಲಗಿದವನು ಮಲಗಿದಂತೆಯೇ ಎದ್ದ ಹಾಗೆ. ನಿನ್ನ ಅಜ್ಜಿ ಮೊದಲ ಸಲ ನೋಡಿದಾಗ ಮಂಚ ಹಿಡಿದುಕೊಂಡಳು. ಇನ್ನೊಂದು ನೀವು ಶಾಲೆಯಲ್ಲೇ ಆಡಿರುತ್ತೀರಿ, ಒಬ್ಬನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎರಡೆರಡು ಬೆರಳಿನಲ್ಲಿ ಎತ್ತುವುದು. ಮೊದಲು ಏಳುವುದಿಲ್ಲ, ಏನೋ ಮಂತ್ರ ಹೇಳಿದ ಮೇಲೆ ಪುಸಕ್ಕನೆ ಏಳುತ್ತಾನೆ. ಅರವತ್ತು ಕಿಲೋದವನಾದರೆ ತಲೆಗೆ ಹದಿನೈದು ಕಿಲೋ ಬಂತು. ಮೊದಲ ಸಲ ಒಬ್ಬೊಬ್ಬರು ಒಂದೊಂದು ಗಳಿಗೆಗೆ ಎತ್ತಿದಿರಿ. ಮಂತ್ರ ನಿಮ್ಮನ್ನು ಒಂದೇ ಗಳಿಗೆಗೆ ತಂದಿತು. ನಾವು ಶೆಡ್ಡಿನಲ್ಲಿ "ಐಸಾ" ಅನ್ನುತ್ತಿದ್ದುದೂ ಅದಕ್ಕೇ. ಮಂತ್ರಕ್ಕೆ ಶಕ್ತಿ ಇಲ್ಲ ಅನ್ನುತ್ತಿಲ್ಲ ನಾನು, ಅದರ ಶಕ್ತಿ ಎಲ್ಲಿದೆ ನೋಡು ಅನ್ನುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ನಿಮ್ಮತ್ತೆಯ ಮನೆಗೆಂದು ವಿಜಯವಾಡಕ್ಕೆ ಬಂದೆನಲ್ಲ, ಇಲ್ಲಿ ಬೆಂಜ್ ಸರ್ಕಲ್ ಹತ್ತಿರ ಪಟಮಟದಲ್ಲಿ ಇಂಥ ಗುಟ್ಟುಗಳನ್ನು ಬಯಲು ಮಾಡುವ ನಾಸ್ತಿಕ ಕೇಂದ್ರವಿದೆ. ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರರಾವ್ ಮತ್ತು ಅವರ ಹೆಂಡತಿ ಸರಸ್ವತಿ ಗೋರಾ 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ಶುರುಮಾಡಿ, 1947ರಲ್ಲಿ ಇಲ್ಲಿಗೆ ತಂದದ್ದು. ಗೋರಾ ಸಸ್ಯಶಾಸ್ತ್ರದ ಮೇಷ್ಟ್ರು. ದೇವರನ್ನು ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡವರು. ಆದರೂ ಗಾಂಧೀಜಿಯ ಹತ್ತಿರ ಹೋಗಿ ಕೂತು ವಾದ ಮಾಡಿದರು, ಅವರ ಪ್ರೀತಿಯನ್ನೂ ಗಳಿಸಿದರು. ಈ ಮನೆತನದವರು ಕೆಂಡ ಹಾಯ್ದು ತೋರಿಸಿದರು. ವ್ರತವಿಲ್ಲ, ಅರಿಶಿನದ ಬಟ್ಟೆಯಿಲ್ಲ, ಸುಮ್ಮನೆ ನಡೆದರು. ಇದ್ದಿಲು ಶಾಖವನ್ನು ಬೇಗ ದಾಟಿಸುವುದಿಲ್ಲ, ಪಾದ ಅದರ ಮೇಲೆ ನಿಲ್ಲುವುದು ಕ್ಷಣ ಮಾತ್ರ, ಅದರಿಂದ ಸುಡುವುದಿಲ್ಲ ಎಂದು ಜನಕ್ಕೆ ಬಿಡಿಸಿ ಹೇಳಿದರು. (ನೀನು ಹೋಗಿ ನಡೆದುಬಿಟ್ಟೀಯ ಮತ್ತೆ! ಹದ ತಿಳಿಯದೆ ನಡೆದು ಪಾದ ಬೊಬ್ಬೆ ಎದ್ದವರೂ ಇದ್ದಾರೆ.)

ನಾನು ದುರ್ಗಮ್ಮನ ಭಕ್ತ. ದಸರಾದಲ್ಲಿ ಮಂಡಿ ನೋವಿದ್ದರೂ ಇಂದ್ರಕೀಲಾದ್ರಿ ಹತ್ತುತ್ತೇನೆ. ಹಾಗಿದ್ದೂ ಆ ಕೇಂದ್ರದವರ ಬಗ್ಗೆ ನನಗೆ ಗೌರವ. ಯಾಕೆ ಅಂತೀಯ? ಅವರು ಪವಾಡ ಬಯಲು ಮಾಡಿ ಮನೆಗೆ ಹೋಗಲಿಲ್ಲ. ಅಸ್ಪೃಶ್ಯತೆ ವಿರುದ್ಧ ನಿಂತರು, ಜಾತಿ ಮೀರಿದ ಮದುವೆಗಳನ್ನು ಮೊದಲು ತಮ್ಮ ಮನೆಯಲ್ಲೇ ಮಾಡಿದರು. ಅವರಿಗೂ ನನಗೂ ದೇವರ ವಿಷಯದಲ್ಲಿ ಸರಿಹೋಗುವುದಿಲ್ಲ, ಸರಿಹೋಗಬೇಕಾಗಿಯೂ ಇಲ್ಲ. ಕೋಲು ಹುಡುಕುವ ಕೆಲಸದಲ್ಲಿ ನಾವು ಒಂದೇ ಪಾಳಿಯವರು. ಅಮ್ಮನವರು ನನಗೆ ಯಾವತ್ತೂ ಗಾಳಿಯಲ್ಲಿ ತೇಲಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ವಿಶಾಖಪಟ್ಟಣದಲ್ಲಿ ಇಂಥ ಶಕ್ತಿಗಳನ್ನು ಪರೀಕ್ಷಿಸಲು ಬೇರೆಯೇ ದಾರಿ ಹಿಡಿದವರಿದ್ದರು. 1967ರಲ್ಲಿ ಆಂಧ್ರ ವಿಶ್ವವಿದ್ಯಾಲಯದಲ್ಲಿ ಕೆ. ರಾಮಕೃಷ್ಣರಾವ್ ಮನಶ್ಶಾಸ್ತ್ರದ ಜೊತೆಗೆ ಪರಾಮನೋವಿಜ್ಞಾನವನ್ನೂ ಇಟ್ಟುಕೊಂಡ ಒಂದು ವಿಭಾಗ ಕಟ್ಟಿದರು. ಅಮೆರಿಕದಲ್ಲಿ ಜೆ.ಬಿ. ರೈನ್ ಜೊತೆ ಕೆಲಸ ಮಾಡಿ ಬಂದವರು ಅವರು, ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ರೈನ್ ಅವರ ಪದ್ಧತಿ ಗೊತ್ತೇ? 25 ಕಾರ್ಡು, ಐದು ಬಗೆಯ ಗುರುತು. ಮುಚ್ಚಿಟ್ಟ ಕಾರ್ಡನ್ನು ಊಹಿಸಬೇಕು. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೂ ಸರಾಸರಿ ಐದು ಸರಿಯಾಗಬೇಕು. ಅದಕ್ಕಿಂತ ಹೆಚ್ಚಾಯಿತೇ, ಮತ್ತೆ ಮತ್ತೆ ಹೆಚ್ಚಾಗುತ್ತದೆಯೇ, ಅದನ್ನು ಸಾವಿರಗಟ್ಟಲೆ ಸಲ ಮಾಡಿ ಲೆಕ್ಕವಿಡಬೇಕು. ಅವರ ತೀರ್ಮಾನಗಳನ್ನು ಬಹಳ ಜನ ವಿಜ್ಞಾನಿಗಳು ಒಪ್ಪಲಿಲ್ಲ. ಒಪ್ಪುವುದು ಬಿಡುವುದು ಇರಲಿ, ನೀನು ಅವರಿಂದ ಕಲಿಯಬೇಕಾದ ಒಂದು ಗುಣವಿದೆ. ಸರಿಹೋದದ್ದನ್ನು ಬರೆಯುವ ಪುಸ್ತಕದಲ್ಲೇ ತಪ್ಪಿದ್ದನ್ನೂ ಬರೆಯುತ್ತಾರೆ. ನಿನ್ನ ಗೆಳೆಯ "ನಮ್ಮ ಸ್ವಾಮಿ ಹೇಳಿದ್ದೆಲ್ಲ ಆಗುತ್ತದೆ" ಎಂದನಲ್ಲ, ಆಗದೇ ಹೋದದ್ದನ್ನು ಬರೆದಿಟ್ಟ ಪುಸ್ತಕ ಅವನ ಹತ್ತಿರ ಇದೆಯೇ ಕೇಳು.

ಈಗ ನನಗೆ ಬಲು ಇಷ್ಟವಾದ ಜಾಗಕ್ಕೆ ಬರುತ್ತೇನೆ. ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಸಮುದ್ರದ ದಾರಿಯಲ್ಲಿ ತೊಟ್ಲಕೊಂಡ ಎಂಬ ಗುಡ್ಡವಿದೆ. ಮೇಲೆ ಬೌದ್ಧ ವಿಹಾರದ ಅಡಿಪಾಯ, ಸ್ತೂಪದ ಗುಂಡನೆ ಕಟ್ಟೆ, ಭಿಕ್ಷುಗಳ ಸಾಲು ಕೋಣೆ, ಬಂಡೆಯಲ್ಲಿ ಕಡಿದ ನೀರಿನ ತೊಟ್ಟಿಗಳು. ಎರಡು ಸಾವಿರ ವರ್ಷದ ಹಿಂದಿನ ಮಾತು. ರೋಮಿನ ನಾಣ್ಯಗಳೂ ಅಲ್ಲಿ ಸಿಕ್ಕಿವೆ, ಹಡಗಿನ ವ್ಯಾಪಾರಿಗಳು ಬಂದು ಹೋಗುತ್ತಿದ್ದ ಜಾಗ. ಇದು ಬೆಳಕಿಗೆ ಬಂದದ್ದು ನೌಕಾಪಡೆಯವರು ವಿಮಾನದಿಂದ ಸರ್ವೆ ಮಾಡುವಾಗ. ಬಿಡುವಾದ ಭಾನುವಾರ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಆ ಕೋಣೆಗಳ ಅಳತೆ ನೋಡಬೇಕು ನೀನು, ಒಬ್ಬ ಕಾಲು ಚಾಚಿದರೆ ಮುಗಿಯಿತು. ಅಲ್ಲಿದ್ದವರ ಬದುಕೆಲ್ಲ ವಿನಯದ ಕಟ್ಟಳೆಯಲ್ಲಿ: ಯಾವಾಗ ಉಣ್ಣಬೇಕು, ಎಷ್ಟು ಬಟ್ಟೆ ಇಟ್ಟುಕೊಳ್ಳಬೇಕು, ಬಟ್ಟಲು ಹೇಗೆ ತೊಳೆಯಬೇಕು.

ಭಿಕ್ಷುಗಳ ಆ ಕಟ್ಟಳೆಗಳ ಗ್ರಂಥವಾದ ವಿನಯಪಿಟಕದಲ್ಲೇ ಹಾರುವುದರ ಬಗ್ಗೆಯೂ ಒಂದು ಕಟ್ಟಳೆಯಿದೆ. ಅದರ ಹಿಂದಿನ ಕಥೆ ಕೇಳು. ರಾಜಗೃಹದ ಒಬ್ಬ ಶ್ರೀಮಂತ ಸೆಟ್ಟಿಗೆ ಒಳ್ಳೆಯ ಗಂಧದ ಮರ ಸಿಕ್ಕಿತು. ಅದರಲ್ಲಿ ಒಂದು ಬಟ್ಟಲು ಮಾಡಿಸಿ, ಬಿದಿರಿಗೆ ಬಿದಿರು ಕಟ್ಟಿ ಎತ್ತರದಲ್ಲಿ ನೇತುಹಾಕಿ, "ನಿಜವಾದ ಸಿದ್ಧಿ ಇದ್ದವರು ಬಂದು ಇಳಿಸಿಕೊಳ್ಳಲಿ" ಎಂದು ಸಾರಿದ. ದೊಡ್ಡ ದೊಡ್ಡ ಗುರುಗಳು ಬಂದು ಬಾಯಲ್ಲೇ ಹಕ್ಕು ಸಾಧಿಸಿ ನೋಡಿದರು, ಆಗಲಿಲ್ಲ. ಪಿಂಡೋಲ ಭಾರದ್ವಾಜ ಎಂಬ ಭಿಕ್ಷು ಗಾಳಿಗೆದ್ದ. ಬಟ್ಟಲು ಹಿಡಿದುಕೊಂಡ, ಊರನ್ನು ಮೂರು ಸುತ್ತು ಸುತ್ತಿದ. ಊರಿಗೆ ಊರೇ ಕೂಗುತ್ತ ಅವನ ಹಿಂದೆ ಓಡಿತು. ಗದ್ದಲ ಬುದ್ಧನ ಕಿವಿಗೆ ಬಿತ್ತು, ಕರೆಸಿದ. ಮೆಚ್ಚಿದನೇ? ಒಂದು ಮರದ ಬಟ್ಟಲಿಗಾಗಿ ಗೃಹಸ್ಥರ ಮುಂದೆ ಇಂಥದ್ದನ್ನು ತೋರಿಸಿದೆಯಾ ಎಂದು ಎಲ್ಲರೆದುರು ಗದರಿದ. ಬಟ್ಟಲು ಒಡೆಸಿ ಚೂರು ಮಾಡಿಸಿ, ಕಣ್ಣಿನ ಅಂಜನಕ್ಕೆ ಸುವಾಸನೆಯ ಪುಡಿಯಾಗಲಿ ಎಂದು ಭಿಕ್ಷುಗಳಿಗೆ ಹಂಚಿಸಿದ. ಇನ್ನು ಮುಂದೆ ಗೃಹಸ್ಥರ ಮುಂದೆ ಯಾರೂ ಇದನ್ನು ಪ್ರದರ್ಶಿಸಬಾರದು ಎಂದು ಕಟ್ಟಳೆ ಮಾಡಿದ.

ಕಥೆಯನ್ನು ನಂಬು, ಬಿಡು. ಕಥೆ ಹೇಳಿದವರ ಮನಸ್ಸನ್ನು ಗಮನಿಸು. ಪಿಂಡೋಲನಿಗೆ ಹಾರಲು ಬರುತ್ತಿರಲಿಲ್ಲ ಎಂದು ಅವರು ಬರೆಯಲಿಲ್ಲ. ಬರುತ್ತಿತ್ತು ಎಂದೇ ಬರೆದರು. ಬಂದರೂ ತೋರಿಸಬಾರದು ಎಂದು ಬರೆದರು. ಅಂದರೆ ಜನರ ಮುಂದೆ ಹಾರಿ ತೋರಿಸುವ ಭಿಕ್ಷು ಆ ಲೆಕ್ಕದಲ್ಲಿ ಹಾರುವ ಮೊದಲೇ ಕಟ್ಟಳೆ ಮುರಿದವನು. ಈ ಅಳತೆಗೋಲು ನಾಸ್ತಿಕರು ಕೊಟ್ಟದ್ದಲ್ಲ, ಧರ್ಮದ ಒಳಗಿನವರೇ ಕಡಿದಿಟ್ಟದ್ದು. ಆ ಗುಡ್ಡದ ಮೇಲೆ ಕೂತಾಗ ನನಗೆ ಇದು ಬಹಳ ಸಲ ನೆನಪಾಗಿ ಧೈರ್ಯ ಬಂದಿದೆ.

ಯೋಗದವರೂ ಬೇರೆ ಹೇಳಲಿಲ್ಲ. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದ ವಿಭೂತಿಗಳದ್ದು. ದೇಹಕ್ಕೂ ಆಕಾಶಕ್ಕೂ ಇರುವ ನಂಟಿನ ಮೇಲೆ ಚಿತ್ತವಿಟ್ಟು, ಹತ್ತಿಯಷ್ಟು ಹಗುರಾದದ್ದರಲ್ಲಿ ಮನಸ್ಸು ನಿಂತರೆ ಆಕಾಶದಲ್ಲಿ ಸಂಚಾರವೆಂದು ಅಲ್ಲಿದೆ. ನಿನ್ನ ವಿಡಿಯೊದವನು ಅಷ್ಟನ್ನೇ ಓದಿ ಹೇಳುತ್ತಾನೆ. ಇಂಥ ಶಕ್ತಿಗಳು ಹೊರಗಿನ ಕಣ್ಣಿಗೆ ಸಿದ್ಧಿ, ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಅದೇ ಪಾದದಲ್ಲಿದೆ. ಅದನ್ನು ಅವನು ಓದುವುದಿಲ್ಲ. ಪುಸ್ತಕವನ್ನು ನೀನೇ ತೆರೆದು ನೋಡು, ಇನ್ನೊಬ್ಬರ ಬಾಯಿಂದ ಕೇಳಬೇಡ.

ನಮ್ಮ ಕನ್ನಡದ ಅಲ್ಲಮಪ್ರಭುವನ್ನು ಮರೆಯಲಾದೀತೇ? ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ನೋಡುತ್ತೀಯಲ್ಲ ಕೃಷ್ಣೆ, ಆ ನೀರು ಶ್ರೀಶೈಲದ ಬೆಟ್ಟ ಬಳಸಿ ಬಂದದ್ದು. ಅಕ್ಕಮಹಾದೇವಿಯೂ ಅಲ್ಲಮನೂ ಕೊನೆಗೆ ಹೋದದ್ದು ಆ ಬೆಟ್ಟದ ಕದಳಿಗೇ. ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗ ಬರುತ್ತದೆ. ಗೋರಕ್ಷ ಮೈಯನ್ನು ವಜ್ರ ಮಾಡಿಕೊಂಡ ಸಿದ್ಧ. ಕತ್ತಿಯಿಂದ ಹೊಡೆ ಎಂದು ಅಲ್ಲಮನಿಗೆ ಕೊಟ್ಟ. ಹೊಡೆದರೆ ಕತ್ತಿಯೇ ಸದ್ದು ಮಾಡಿತು, ಗೋರಕ್ಷನ ಕೂದಲೂ ಕೊಂಕಲಿಲ್ಲ. ಅಲ್ಲಮ ನಕ್ಕು, ಈಗ ನನಗೆ ಹೊಡೆ ಅಂದ. ಹೊಡೆದ ಕತ್ತಿ ಬಯಲಿನಲ್ಲಿ ಆಡಿದಂತೆ ಆಚೆಗೆ ಹೋಯಿತು. ಮೈಯನ್ನು ಗಟ್ಟಿ ಮಾಡಿದ್ದೂ ಮೈಯ ಮೋಹವೇ ಎಂದು ಗೋರಕ್ಷನಿಗೆ ಆಗ ಹೊಳೆಯಿತು. ಎಂಟುನೂರು ವರ್ಷದ ಹಿಂದೆಯೇ ನಮ್ಮವರು ಸಿದ್ಧಿಯನ್ನು ಎತ್ತಿ ಪಕ್ಕಕ್ಕೆ ಇಟ್ಟುಬಿಟ್ಟಿದ್ದರು. ನಾವು ಮತ್ತೆ ಹೋಗಿ ಅದನ್ನೇ ಎತ್ತಿಕೊಂಡು ಬರುತ್ತಿದ್ದೇವೆ ನೋಡು.

ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ಕಥೆಯೊಂದಿದೆ. ವರ್ಷಗಟ್ಟಲೆ ತಪಸ್ಸು ಮಾಡಿ ನೀರಿನ ಮೇಲೆ ನಡೆಯಲು ಕಲಿತವನಿಗೆ, ಅಂಬಿಗನಿಗೆ ಚಿಲ್ಲರೆ ಕಾಸು ಕೊಟ್ಟರೆ ದಾಟಿಸುತ್ತಿದ್ದನಲ್ಲಪ್ಪ ಎಂದರಂತೆ. ಇಲ್ಲಿ ಕೃಷ್ಣೆಯ ನಡುವಿನ ಭವಾನಿ ದ್ವೀಪದ ದೋಣಿಗೆ ಸಾಲಲ್ಲಿ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನೀರಿನ ಮೇಲೆ ನಡೆಯುವ ಮಾತು ಬರೀ ಕಥೆಯಲ್ಲೇ ಉಳಿಯಲಿಲ್ಲ. 1966ರಲ್ಲಿ ಎಲ್.ಎಸ್. ರಾವ್ ಎಂಬ ಹಠಯೋಗಿ ಮುಂಬಯಿಯಲ್ಲಿ ನೀರಿನ ಮೇಲೆ ನಡೆಯುತ್ತೇನೆಂದು ಸಾರಿದರು. ದುಬಾರಿ ಟಿಕೆಟ್ಟು, ದೊಡ್ಡ ದೊಡ್ಡವರೆಲ್ಲ ಬಂದರು, ಪತ್ರಿಕೆಗಳು ಮುಗಿಬಿದ್ದವು. ಕಟ್ಟಿಸಿದ ತೊಟ್ಟಿಯ ಅಂಚಿನಲ್ಲಿ ನಿಂತು ಧ್ಯಾನ ಮಾಡಿ ಒಂದು ಹೆಜ್ಜೆ ಇಟ್ಟರು, ಸೀದಾ ತಳಕ್ಕೆ. ನಗಬೇಡ. ಆ ವಯಸ್ಸಾದವರನ್ನು ಅಲ್ಲಿಯವರೆಗೆ ನೂಕಿದ್ದು ಟಿಕೆಟ್ಟು ಕೊಂಡ ಜನರೂ ಹೌದು. ನೋಡಲು ಹಾತೊರೆಯುವವರು ಇಲ್ಲದೆ ತೋರಿಸುವವನು ಹುಟ್ಟುವುದಿಲ್ಲ. ಅದಾಗಿ ಹತ್ತು ವರ್ಷಕ್ಕೆ ಮಹರ್ಷಿ ಮಹೇಶ ಯೋಗಿಯ ಪಂಥದವರು ಯೋಗದ ಹಾರಾಟ ಕಲಿಸುತ್ತೇವೆ ಎಂದರು. ದೇಶ ವಿದೇಶದಲ್ಲಿ ಓದಿದವರೆಲ್ಲ ಫೀಜು ಕಟ್ಟಿ ಸೇರಿದರು. ಜನ ಕಂಡದ್ದು ಮೆತ್ತೆಯ ಮೇಲೆ ಪದ್ಮಾಸನದಲ್ಲಿ ಕಪ್ಪೆಯಂತೆ ಕುಪ್ಪಳಿಸುವುದನ್ನು. ತೊಡೆಯ ಬಲಕ್ಕೆ ಅದು ಒಳ್ಳೆಯದೇ.

ಬೇರೆ ಧರ್ಮದವರ ಕಡೆಗೂ ಒಮ್ಮೆ ನೋಡು. ಸ್ಪೇನಿನ ಸಂತ ತೆರೇಸಾ, ಆವಿಲಾ ಊರಿನವರು, 1515ರಿಂದ 1582ರವರೆಗೆ ಬದುಕಿದ್ದವರು. ಪ್ರಾರ್ಥನೆಯಲ್ಲಿ ಮೈ ಮೇಲೇಳುವಂತಾಗುತ್ತದೆ ಎಂದು ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಅವರು ಮಾಡಿದ್ದೇನು? ಹಿಡಿದುಕೊಳ್ಳಿ ಎಂದು ಜೊತೆಯ ಸನ್ಯಾಸಿನಿಯರಿಗೆ ಹೇಳಿದರು. ಯಾರಿಗೂ ಹೇಳಬೇಡಿ ಎಂದರು. ಇದನ್ನು ತೆಗೆದುಬಿಡು ಎಂದು ದೇವರಲ್ಲಿ ಬೇಡಿಕೊಂಡರು. ನಾಚಿಕೆಯಾಗುತ್ತಿತ್ತಂತೆ. ಇಟಲಿಯ ಕುಪರ್ಟಿನೊ ಊರಿನ ಜೋಸೆಫ್ ಇನ್ನೂ ಸೋಜಿಗ. ಓದು ತಲೆಗೆ ಹತ್ತದ, ಬಾಯಿ ಬಿಟ್ಟುಕೊಂಡು ನಿಲ್ಲುವ ಹುಡುಗ, ಮಠದ ಲಾಯದಲ್ಲಿ ಚಾಕರಿ ಮಾಡುತ್ತಿದ್ದ. ಪೂಜೆಯ ನಡುವೆ ತೇಲುತ್ತಾನೆಂದು ಹೆಸರಾಯಿತು. ಜನ ಸೇರತೊಡಗಿದರು. ಚರ್ಚಿನವರು ಅವನನ್ನು ಮೆರವಣಿಗೆ ಮಾಡಿಸಿದರು ಅಂದುಕೊಂಡೆಯಾ? ವಿಚಾರಣೆ ಮಾಡಿದರು, ಒಂದು ಮಠದಿಂದ ಇನ್ನೊಂದಕ್ಕೆ ಸಾಗಿಸಿದರು, ಜನರ ಕಣ್ಣಿಗೆ ಬೀಳದಂತೆ ಇಟ್ಟರು. 1663ರಲ್ಲಿ ಹಾಗೆಯೇ ತೀರಿಕೊಂಡ. ಆ ಕೂಡಿಹಾಕುವಿಕೆಯನ್ನು ಗೊಣಗದೆ ಸಹಿಸಿದ ಎಂಬುದನ್ನೇ ಅವನ ದೊಡ್ಡತನವೆಂದು ಅವರು ನೆನೆಯುತ್ತಾರೆ. 1767ರಲ್ಲಿ ಸಂತ ಪದವಿ ಬಂತು, ಈಗ ವಿಮಾನದವರು ಅವನಿಗೆ ಹರಕೆ ಹೊರುತ್ತಾರೆ. ಇವರು ನಿಜಕ್ಕೂ ನೆಲ ಬಿಟ್ಟರೇ ಎಂದು ಈಗ ತೂಗಿ ನೋಡಲು ನನ್ನಲ್ಲಿ ತಕ್ಕಡಿ ಇಲ್ಲ. ಬಚ್ಚಿಡಲು ಒದ್ದಾಡಿದವರ ಮಾತಿಗೂ ಬ್ಯಾನರ್ ಹಾಕಿಸಿ ಕರೆಯುವವರ ಮಾತಿಗೂ ನಾನು ಒಂದೇ ಬೆಲೆ ಕೊಡುವುದಿಲ್ಲ.

ಬ್ಯಾನರಿನವರನ್ನು ಕೇಳುವ ಧೈರ್ಯ ಬೇಕಲ್ಲ, ಅದಕ್ಕೆ ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಗೌರಿಬಿದನೂರಿನ ಹೊಸೂರಿನಿಂದ ಬಂದ ಬಡ ಹುಡುಗ, ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ, ನಿಮ್ಮ ಪವಾಡಗಳನ್ನು ಪರೀಕ್ಷೆಗೆ ಒಡ್ಡಿ ಎಂದು ಗೌರವದಿಂದಲೇ ಪತ್ರದ ಮೇಲೆ ಪತ್ರ ಬರೆದರು. ಉತ್ತರ ಬರಲಿಲ್ಲ. ಅದೇ ವರ್ಷ ಸಂವಿಧಾನಕ್ಕೆ ತಿದ್ದುಪಡಿಯಾಗಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. ಸಮಿತಿಗಿಂತ ನನಗೆ ಹಿಡಿಸಿದ್ದು ಆ ಮನುಷ್ಯ ಬದುಕಿದ ರೀತಿ. ಮದುವೆಯಾಗಲಿಲ್ಲ, ಮನೆ ಕಟ್ಟಿಸಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯೇ ಮನೆ, ಖಾದಿಯೇ ಬಟ್ಟೆ. ಎಲ್ಲ ಸ್ವಾಮಿಗಳನ್ನೂ ಪ್ರಶ್ನೆ ಕೇಳಿದವರು ಸನ್ಯಾಸಿಯ ಹಾಗೆ ಬದುಕಿದರು. ಪ್ರಶ್ನೆ ಕೇಳುವವನ ಬದುಕು ತೆರೆದಿರಬೇಕು ಮಗು, ಇಲ್ಲವಾದರೆ ಅವನದೂ ಶೇಷಾಲನ ಮುಂದೆ ಹಿಡಿದಂಥ ಒಂದು ಬಗೆಯ ಕಂಬಳಿಯೇ.

ಇಷ್ಟೆಲ್ಲ ಹೇಳಿದೆನೆಂದು ಧ್ಯಾನ ಬಿಟ್ಟುಬಿಡಬೇಡ. ಬೆಳಗ್ಗೆ ಬೇಗ ಎದ್ದು ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರು ನಿಧಾನವಾದಾಗ, ಕೈಕಾಲು ಇವೆಯೋ ಇಲ್ಲವೋ ಎನ್ನುವಷ್ಟು ಮೈ ಹಗುರಾಗುತ್ತದೆ. ನನಗೂ ಆಗಿದೆ. ಅದು ಸುಳ್ಳಲ್ಲ, ಬಹಳ ಒಳ್ಳೆಯ ಅನುಭವ. ಆದರೆ ಹಗುರಾದದ್ದು ನಿನಗೆ, ತಕ್ಕಡಿಗಲ್ಲ. ಕಣ್ಣು ಬಿಟ್ಟು ಎದ್ದು ಚಾಪೆ ಮಡಿಸಿಡು. ಯಾರಿಗೂ ಹೇಳಲು ಓಡಬೇಡ. ಆ ಹಗುರತನ ಹತ್ತು ಗಂಟೆಗೆ ಆಫೀಸಿನಲ್ಲಿ ಯಾರೋ ರೇಗಿದಾಗಲೂ ನಿನ್ನ ಜೊತೆ ಇದೆಯೇ, ಅಷ್ಟು ನೋಡಿಕೋ.

ನೀನು ವಿಡಿಯೊದಲ್ಲಿ ಕಂಡ ಸ್ವಾಮಿಯ ಶಿಬಿರಕ್ಕೆ ಹೋಗಲೇಬೇಕು ಅನ್ನಿಸಿದರೆ ಹೋಗು, ನಾನು ಅಡ್ಡ ಬರುವುದಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಹೋಗಿ ಬಾ. ಸ್ವಾಮಿಗಳು ಕೂತಿರುವ ಹಾಲಿಗೆ ಹೋಗಬೇಡ, ಹಿಂದುಗಡೆ ಅಡುಗೆಮನೆಗೆ ಹೋಗು. ಪಾತ್ರೆ ತೊಳೆಯುವವರ ಜೊತೆ, ಡ್ರೈವರ್ ಜೊತೆ ಕೂತು ಮಾತಾಡು. ಸಂಬಳ ತಿಂಗಳು ತಿಂಗಳು ಬರುತ್ತದೆಯೇ ಕೇಳು. ಲೋಟ ಒಡೆದರೆ ಸ್ವಾಮಿಗಳು ಏನಂತಾರೆ ಕೇಳು. ಊಟಕ್ಕೆ ಯಾರನ್ನು ಯಾರ ಪಕ್ಕ ಕೂರಿಸುತ್ತಾರೆ ನೋಡು. ಕಾಯಿಲೆ ಬಿದ್ದವರಿಗೆ ಔಷಧಿ ಬಿಡು ಅಂತಾರೋ, ಡಾಕ್ಟರ ಹತ್ತಿರ ಕಳಿಸುತ್ತಾರೋ ವಿಚಾರಿಸು. ಪ್ರಶ್ನೆ ಕೇಳಿದವನನ್ನು ಎಲ್ಲಿ ಕೂರಿಸುತ್ತಾರೆ, ಅದನ್ನೂ ನೋಡು. ಆಮೇಲೆ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಬಾ, ಕಂಡದ್ದನ್ನೆಲ್ಲ ನನಗೆ ಹೇಳು. ಫೀಜು ಕಟ್ಟುವುದೋ ಬೇಡವೋ ನೀನೇ ತೀರ್ಮಾನಿಸು.